ಪ್ಯಾಂಗಾಂಗ್, ತ್ಸೋ ಮೊರಿರಿ, ತ್ಸೋ ಕಾರ್, ಚಂದ್ರತಾಲ್: ರಾತ್ರಿ ಉಳಿಯೋಕೆ ಯಾವ್ ಲೇಕ್?

ಲಡಾಖ್ ಟ್ರಿಪ್ ಪ್ಲಾನ್ ಮಾಡೋರೆಲ್ಲ ಕೇಳೋದು ಒಂದೇ, ಯಾವ್ ಲೇಕ್ ಚೆನ್ನಾಗಿದೆ ಅಂತ. ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣ್ಸುತ್ತೆ, ನೀಲಿ ನೀರು, ಹಿಂದೆ ಬೋಳು ಬೆಟ್ಟ, ಮುಂದೆ ಒಂದು ಬಿಳಿ ಟೆಂಟು. ನನ್ ಪ್ರಕಾರ ಕೇಳ್ಬೇಕಾಗಿರೋ ಪ್ರಶ್ನೆನೇ ಅದಲ್ಲ. ಹಗಲು ಎರಡು ಗಂಟೆ ನಿಂತು ನೋಡ್ಕೊಂಡು ಬರೋಕೆ ಚೆನ್ನಾಗಿರೋ ಲೇಕ್ ಬೇರೆ, ಅದರ ಪಕ್ಕ ಒಂದು ರಾತ್ರಿ ಮಲಗೋಕೆ ಚೆನ್ನಾಗಿರೋ ಲೇಕ್ ಬೇರೆ. ಹಗಲಿಗಾದ್ರೆ ಬಣ್ಣ ನೋಡಿ ಆರಿಸಿ, ಯಾರೂ ಬೇಡ ಅನ್ನಲ್ಲ. ರಾತ್ರಿಗೆ ಮಾತ್ರ ಎತ್ತರ ಎಷ್ಟು, ಗಾಳಿ ಹೇಗೆ, ಟೆಂಟ್ ಹಾಕೋಕೆ ಬಿಡ್ತಾರಾ, ಮಧ್ಯರಾತ್ರಿ ಯಾರಿಗಾದ್ರೂ ಹುಷಾರ್ ತಪ್ಪಿದ್ರೆ ಕೆಳಗಿಳಿಯೋ ದಾರಿ ಯಾವ್ದು, ಇದನ್ನೆಲ್ಲ ನೋಡ್ಲೇಬೇಕು. ಅದೇ ಲೆಕ್ಕದಲ್ಲಿ ಲಡಾಖ್‌ನ ಮೂರು ಲೇಕ್, ಜೊತೆಗೆ ಹಿಮಾಚಲದ ಚಂದ್ರತಾಲ್, ಈ ನಾಲ್ಕನ್ನ ಪಕ್ಕಪಕ್ಕ ಇಟ್ಟು ಹೇಳ್ತೀನಿ.

ಲಡಾಖ್ ಮರುಭೂಮಿ ಅಂದ್ರೆ ಬಿಸಿ ಮರಳು ಅನ್ಕೊಂಡು ಹೋಗ್ಬೇಡಿ. ಇದು ಚಳಿ ಮರುಭೂಮಿ. ಮಾನ್ಸೂನ್ ಮೋಡ ಎಲ್ಲ ಹಿಮಾಲಯದ ಆಚೆ ಕಡೆನೇ ಖಾಲಿ ಆಗ್ಬಿಡುತ್ತೆ, ನಮ್ಮ ಘಟ್ಟ ದಾಟಿದ ತಕ್ಷಣ ಬಯಲುಸೀಮೆ ಒಣಗಿರುತ್ತಲ್ಲ ಹಾಗೆ, ಆದ್ರೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಲೇಹ್‌ನಲ್ಲಿ ವರ್ಷ ಪೂರ್ತಿ ಬೀಳೋದು ಸುಮಾರು 100 ಮಿಲಿಮೀಟರ್. ಗಾಳಿಲಿ ತೇವ ಇಲ್ಲ, ಮೋಡ ಇಲ್ಲ, ಅದಕ್ಕೇ ಹಗಲು ಬಿಸಿಲು ಮುಖ ಸುಡುತ್ತೆ, ಸೂರ್ಯ ಬೆಟ್ಟದ ಹಿಂದೆ ಹೋದ ಅರ್ಧ ಗಂಟೆಲಿ ಜಾಕೆಟ್ ಮೇಲೆ ಜಾಕೆಟ್ ಬೇಕು. ಜುಲೈ, ಆಗಸ್ಟ್‌ನಲ್ಲೂ ಈ ಲೇಕ್‌ಗಳ ಹತ್ರ ರಾತ್ರಿ ಸೊನ್ನೆ ಡಿಗ್ರಿ ಹತ್ರ ಹೋಗುತ್ತೆ, ಸೆಪ್ಟೆಂಬರ್ ಕೊನೆಗೆ ಸೊನ್ನೆಗಿಂತ ಕೆಳಗೆ ಇಳಿಯೋದು ಮಾಮೂಲಿ.

ಈಗ ಎತ್ತರ. ಇದನ್ನ ಸ್ಕಿಪ್ ಮಾಡಿ ಕೆಳಗೆ ಹೋಗೋರು ಜಾಸ್ತಿ, ದಯವಿಟ್ಟು ಹೋಗ್ಬೇಡಿ, ಯಾಕಂದ್ರೆ ಲೇಕ್ ಆರಿಸೋದು ಅರ್ಧ ಇಲ್ಲೇ ಮುಗಿದುಹೋಗುತ್ತೆ. ಲೇಹ್ ಇರೋದು 3,500 ಮೀಟರ್. ಪ್ಯಾಂಗಾಂಗ್ ಸುಮಾರು 4,250. ತ್ಸೋ ಮೊರಿರಿ, ತ್ಸೋ ಕಾರ್ ಎರಡೂ 4,500 ದಾಟಿದಾವೆ. ಚಂದ್ರತಾಲ್ ಸುಮಾರು 4,300. ಡಾಕ್ಟ್ರುಗಳು ಹೇಳೋ ಲೆಕ್ಕ ಏನಂದ್ರೆ, 3,000 ಮೀಟರ್ ದಾಟಿದ್ಮೇಲೆ ಮಲಗೋ ಜಾಗದ ಎತ್ತರನ ಒಂದು ರಾತ್ರಿಗೆ 500 ಮೀಟರ್‌ಗಿಂತ ಜಾಸ್ತಿ ಏರಿಸ್ಬಾರ್ದು. ಹಗಲು ಎಷ್ಟೇ ಎತ್ತರಕ್ಕೆ ಹೋಗಿ ಬಂದ್ರೂ ಅಷ್ಟು ತೊಂದ್ರೆ ಇಲ್ಲ, ತಲೆ ಎಲ್ಲಿ ಇಟ್ಟು ಮಲಗ್ತೀರ ಅನ್ನೋದು ಮುಖ್ಯ. ಈ ಲೆಕ್ಕಕ್ಕೆ ಲೇಹ್‌ನಿಂದ ಪ್ಯಾಂಗಾಂಗೇ 750 ಮೀಟರ್ ಜಂಪ್, ಮೊರಿರಿ ಅಂದ್ರೆ ನೇರ 1,000 ಮೀಟರ್. ವಿಮಾನದಲ್ಲಿ ಲೇಹ್‌ಗೆ ಇಳಿದು ಮಾರನೇ ದಿನನೇ ಮೊರಿರಿಲಿ ಟೆಂಟ್ ಬುಕ್ ಮಾಡೋರಿಗೆ ನಾನು ಹೇಳೋದು ಇಷ್ಟೇ, ದುಡ್ಡು ಕೊಟ್ಟು ತಲೆನೋವು ತಗೋತಾ ಇದೀರ. ಲೇಹ್‌ನಲ್ಲಿ ಕನಿಷ್ಠ ಎರಡು ರಾತ್ರಿ, ಮೂರಾದ್ರೆ ಇನ್ನೂ ಒಳ್ಳೇದು, ಆಮೇಲೆ ಲೇಕ್ ಮಾತು. ಡಯಾಮಾಕ್ಸ್ (ಎತ್ತರದ ಕಾಯಿಲೆ ಬರದೇ ಇರ್ಲಿ ಅಂತ ತಗೊಳೋ ಮಾತ್ರೆ) ತಗೋಬೇಕಾ ಬೇಡ್ವಾ ಅನ್ನೋದು ಹೊರಡೋ ಮುಂಚೆ ನಿಮ್ ಡಾಕ್ಟ್ರನ್ನ ಕೇಳಿ, ಸಲ್ಫಾ ಅಲರ್ಜಿ ಇದ್ರೆ ಖಂಡಿತ ಹೇಳಿ.

ಪ್ಯಾಂಗಾಂಗ್‌ನಿಂದ ಶುರು ಮಾಡೋಣ, ಎಲ್ರೂ ಅಲ್ಲಿಗೇ ತಾನೇ ಹೋಗೋದು. ಸುಮಾರು 134 ಕಿಲೋಮೀಟರ್ ಉದ್ದ, ಅದ್ರಲ್ಲಿ ಹೆಚ್ಚಿನ ಪಾಲು ಟಿಬೆಟ್ ಕಡೆ, ನಮ್ ಕಡೆ ಇರೋದು ಪಶ್ಚಿಮದ ತುದಿ. ನೀರು ಉಪ್ಪುಪ್ಪು, ಹೊರಗೆ ಹರಿದುಹೋಗೋ ದಾರಿ ಇಲ್ಲ, ಬಂದ ನೀರು ಆವಿ ಆಗಿ ಉಪ್ಪು ಉಳ್ಕೊಳುತ್ತೆ ಅಷ್ಟೆ, ಆದ್ರೂ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತೆ. ಬಣ್ಣದ ವಿಷಯಕ್ಕೆ ಬಂದ್ರೆ ಇದನ್ನ ಮೀರ್ಸೋದು ಇನ್ನೊಂದಿಲ್ಲ, ಬೆಳಗ್ಗೆ ಒಂದು ನೀಲಿ, ಮಧ್ಯಾಹ್ನ ಒಂದು ಹಸಿರು, ಸಂಜೆ ಹೇಳೋಕೇ ಬರಲ್ಲ.

ಆದ್ರೆ ರಾತ್ರಿ? ಇಲ್ಲೇ ನಂಗೆ ಸ್ವಲ್ಪ ತಕರಾರು. ಲೇಹ್‌ನಿಂದ ಚಾಂಗ್ ಲಾ (ಲಾ ಅಂದ್ರೆ ಬೆಟ್ಟ ದಾಟೋ ಪಾಸು) ದಾಟಿ ಬಂದ್ರೆ ಮೊದ್ಲು ಸಿಗೋದು ಲುಕುಂಗ್, ಆಮೇಲೆ ಸ್ಪಾಂಗ್ಮಿಕ್. ಸ್ಪಾಂಗ್ಮಿಕ್ ಈಗ ಕ್ಯಾಂಪಿಂಗ್ ಅಲ್ಲ ಸ್ವಾಮಿ, ಕಾಟೇಜ್‌ಗಳ ಲೇಔಟ್. ಸಾಲು ಸಾಲು ಮರದ ಕಾಟೇಜು, ಸ್ವಿಸ್ ಟೆಂಟು, ಅಟ್ಯಾಚ್ಡ್ ಬಾತ್‌ರೂಮು, ಜನರೇಟರ್ ಸದ್ದು, ಪಕ್ಕದ ಕ್ಯಾಂಪ್‌ನಲ್ಲಿ ಬ್ಲೂಟೂತ್ ಸ್ಪೀಕರು. ವಯಸ್ಸಾದವ್ರು, ಮಕ್ಕಳು ಜೊತೇಲಿದ್ರೆ ಇದು ನಿಜವಾಗ್ಲೂ ಅನುಕೂಲ, ಅದನ್ನ ಹೀಯಾಳಿಸಲ್ಲ, ಬಿಸಿನೀರು ಬಕೆಟ್ ಸಿಗುತ್ತೆ, ಊಟ ಬಿಸಿ ಬಿಸಿ ಸಿಗುತ್ತೆ. ಆದ್ರೆ ನಕ್ಷತ್ರ ನೋಡ್ತೀನಿ, ನಿಶ್ಶಬ್ದ ಕೇಳ್ತೀನಿ ಅಂತ ಬರೋರು ಸ್ಪಾಂಗ್ಮಿಕ್‌ನಲ್ಲಿ ನಿಲ್ಲಬೇಡಿ, ದಡ ಹಿಡ್ಕೊಂಡು ಮುಂದೆ ಮಾನ್, ಅದೂ ದಾಟಿ ಮೆರಾಕ್ ತನಕ ಹೋಗಿ. ಮೆರಾಕ್ ಇನ್ನೂ ಹಳ್ಳಿ ಥರನೇ ಇದೆ, ಬಾರ್ಲಿ ಹೊಲ ಇದೆ, ಹೋಮ್‌ಸ್ಟೇ ಇದೆ, ಲೇಕ್ ಅದೇ, ಜನ ಮಾತ್ರ ಕಮ್ಮಿ. ಒಂದೇ ಸರೋವರದ ಎರಡು ಊರಿನ ನಡುವೆ ಇರೋ ವ್ಯತ್ಯಾಸ ಎರಡು ಸರೋವರದ ನಡುವೆ ಇರೋದಕ್ಕಿಂತ ಜಾಸ್ತಿ ಅಂದ್ರೆ ನಂಬಿ.

ಇಳಿಯೋ ದಾರಿ ಬಗ್ಗೆ ಪ್ಯಾಂಗಾಂಗ್‌ನಲ್ಲಿ ಒಂದು ವಿಚಿತ್ರ ಇದೆ, ಟೂರ್ ಪ್ಯಾಕೇಜ್‌ನವ್ರು ಹೇಳಲ್ಲ. ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯೋದು, ಆದ್ರೆ ಪ್ಯಾಂಗಾಂಗ್‌ನಿಂದ ಲೇಹ್‌ಗೆ ಇಳೀಬೇಕಾದ್ರೆ ಮೊದ್ಲು ಚಾಂಗ್ ಲಾ ಹತ್ಬೇಕು, ಅಂದ್ರೆ 5,360 ಮೀಟರ್! ಉಸಿರಾಡೋಕೆ ಕಷ್ಟ ಪಡ್ತಾ ಇರೋರನ್ನ ಇನ್ನೂ ಸಾವಿರ ಮೀಟರ್ ಮೇಲಕ್ಕೆ ಕರ್ಕೊಂಡು ಹೋಗೋದು. ಅದಕ್ಕೆ ಇದನ್ನ ನೆನಪಿಟ್ಕೊಳ್ಳಿ, ಚಾಂಗ್ ಲಾಗಿಂತ ಈಚೆ ಟ್ಯಾಂಗ್ಟ್ಸೆ ಸ್ವಲ್ಪ ಕೆಳಗಿದೆ, ಅಲ್ಲಿಂದ ದುರ್ಬುಕ್, ಶ್ಯೋಕ್ ಕಣಿವೆ ರಸ್ತೆ ಹಿಡಿದ್ರೆ ಪಾಸ್ ಯಾವ್ದೂ ಹತ್ತದೆ ನುಬ್ರಾ ಕಡೆ ಇಳೀಬಹುದು, ದಿಸ್ಕಿತ್ ಸುಮಾರು 3,150 ಮೀಟರ್. ರಸ್ತೆ ಸ್ಥಿತಿ ಹೇಗಿದೆ ಅಂತ ಹೊರಡೋ ದಿನನೇ ಡ್ರೈವರ್ ಹತ್ರ ಕೇಳಿಟ್ಕೊಂಡಿರಿ, ಶ್ಯೋಕ್ ನದಿ ಉಕ್ಕಿದ್ರೆ ಆ ರಸ್ತೆ ಕೈಕೊಡುತ್ತೆ.

ಇನ್ನು ತ್ಸೋ ಮೊರಿರಿ. ನನ್ನ ಓಟು ಇದಕ್ಕೇ, ಆದ್ರೆ ಷರತ್ತುಗಳ ಜೊತೆ. ಲೇಹ್‌ನಿಂದ ಸಿಂಧೂ ನದಿ ಪಕ್ಕಪಕ್ಕನೇ ಉಪ್ಶಿ, ಚುಮಾಥಾಂಗ್, ಮಾಹೆ ಸೇತುವೆ ಅಂತ ಹೋಗೋ ದಾರಿ, ಚುಮಾಥಾಂಗ್‌ನಲ್ಲಿ ನದಿ ದಡದಲ್ಲೇ ಬಿಸಿನೀರಿನ ಬುಗ್ಗೆ ಇದೆ, ಕಾಲು ಇಳಿಬಿಟ್ಟು ಕೂತ್ಕೊಂಡ್ರೆ ಎದ್ದು ಹೋಗೋಕೆ ಮನಸ್ಸು ಬರಲ್ಲ. ಆಮೇಲೆ ಸುಮ್ಡೋ ಹತ್ರ ತಿರುಗಿ, ನಮ್‌ಶಾಂಗ್ ಲಾ ಅಂತ ಒಂದು ಸಣ್ಣ ಪಾಸು, ಕ್ಯಾಗರ್ ತ್ಸೋ ಅನ್ನೋ ಪುಟ್ಟ ಕೆರೆ, ಅದು ದಾಟಿದ್ರೆ ದೊಡ್ಡದು. ದಡದಲ್ಲಿರೋ ಒಂದೇ ಊರು ಕೋರ್ಝೋಕ್, ಒಂದು ಮೊನಾಸ್ಟ್ರಿ, ಸ್ವಲ್ಪ ಮನೆ, ಬೇಸಿಗೇಲಿ ಚಾಂಗ್ಪಾ ಅಲೆಮಾರಿಗಳು ಪಶ್ಮಿನಾ ಮೇಕೆ ಹೊಡ್ಕೊಂಡು ಬಂದು ಸುತ್ತಮುತ್ತ ಬೀಡು ಬಿಟ್ಟಿರ್ತಾರೆ.

ಇಲ್ಲಿ ಟೆಂಟ್ ವಿಷಯ ಸ್ಪಷ್ಟ. ದಡದಲ್ಲಿ ಹಾಕಂಗಿಲ್ಲ. 2002ರಿಂದ ಇದು ರಾಮ್ಸಾರ್ ಜೌಗುಪ್ರದೇಶ (ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಲಿರೋ ಜಾಗ), ಪಟ್ಟೆತಲೆ ಹೆಬ್ಬಾತುಗಳು ಇಲ್ಲಿ ಮೊಟ್ಟೆ ಇಡ್ತಾವೆ, ಕಪ್ಪುಕತ್ತಿನ ಕೊಕ್ಕರೆ ಇದೆ, ಗೂಡುಗಳೆಲ್ಲ ನೀರಿನ ಅಂಚಲ್ಲೇ ಇರೋದು, ನೀವು ಬಂಡೆ ಅನ್ಕೊಂಡು ಟೆಂಟ್ ಗೂಟ ಹೊಡಿಯೋ ಜಾಗ ಯಾವ್ದೋ ಹಕ್ಕಿ ಮನೆ ಆಗಿರುತ್ತೆ. ಕೋರ್ಝೋಕ್ ಊರಿನ ಪಕ್ಕ ಇರೋ ಕ್ಯಾಂಪ್‌ಗಳಲ್ಲಿ ಇಲ್ಲಾ ಹೋಮ್‌ಸ್ಟೇಲಿ ಉಳೀರಿ. ಲೇಕ್ ಅಲ್ಲಿಂದನೂ ಕಾಣುತ್ತೆ, ನಡ್ಕೊಂಡು ಹೋಗಿ ಕೂತು ಬರಬಹುದು. "ನೀರಿಂದ ಹತ್ತು ಹೆಜ್ಜೆ" ಅನ್ನೋ ಫೋಟೋ ಸಿಗಲ್ಲ, ಅದೇ ಬೇಕು ಅನ್ನೋರಿಗೆ ಮೊರಿರಿ ಬೇಜಾರಾಗ್ಬಹುದು.

ಮೊರಿರಿ ಯಾಕೆ ಇಷ್ಟ ಅಂದ್ರೆ, ಕತ್ತಲು. ಅಮಾವಾಸ್ಯೆ ಹತ್ರದ ದಿನ ನೋಡ್ಕೊಂಡು ಹೋಗಿ (ಹುಣ್ಣಿಮೆಗೆ ಹೋದ್ರೆ ನೀರು ಬೆಳ್ಳಗೆ ಹೊಳಿಯುತ್ತೆ, ಅದೂ ಚಂದನೇ, ಆದ್ರೆ ಕ್ಷೀರಪಥ ಮರ್ತುಬಿಡಿ), ಗಾಳಿ ನಿಂತ್ಮೇಲೆ ಹೊರಗೆ ಬಂದು ತಲೆ ಎತ್ತಿದ್ರೆ ಸಾಕು. ನಕ್ಷತ್ರನೇ ಮುಖ್ಯ ಅನ್ನೋರು ಇನ್ನೊಂದು ದಿನ ಸೇರಿಸಿ ಹಾನ್ಲೆಗೆ ಹೋಗಿ, ಅಲ್ಲಿ ಲೇಕ್ ಇಲ್ಲ, ಆದ್ರೆ 2022ರಲ್ಲಿ ಅದನ್ನ ಡಾರ್ಕ್ ಸ್ಕೈ ರಿಸರ್ವ್ ಮಾಡಿದಾರೆ. ಅಲ್ಲಿರೋ 2 ಮೀಟರ್ ಟೆಲಿಸ್ಕೋಪ್‌ನ ನಡೆಸೋದು ಎಲ್ಲಿಂದ ಗೊತ್ತಾ, ನಮ್ಮ ಹೊಸಕೋಟೆಯಿಂದ, ಸ್ಯಾಟಲೈಟ್ ಲಿಂಕ್ ಮೂಲಕ! ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆದು ಅದು.

ಷರತ್ತು ಏನಂದ್ರೆ ಎತ್ತರ. 4,520 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 60ಕ್ಕಿಂತ ಸ್ವಲ್ಪ ಕಮ್ಮಿ. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದಂಗಾಗಿ ಎಚ್ಚರ ಆಗೋದು, ಎದ್ದು ಕೂತ್ಕೊಂಡು ನಾಲ್ಕು ಸಲ ಜೋರಾಗಿ ಉಸಿರೆಳೆಯೋದು ತುಂಬಾ ಜನಕ್ಕೆ ಆಗುತ್ತೆ, ಅದಕ್ಕೆ ಹೆದ್ರಬೇಡಿ. ಹೆದರಬೇಕಾಗಿರೋದು ಬೇರೆ: ಸುಮ್ನೆ ಕೂತಿದ್ರೂ ಏದುಸಿರು, ಕೆಮ್ಮಲ್ಲಿ ನೊರೆ, ಕುಡಿದವರ ಥರ ತೂರಾಡೋ ನಡಿಗೆ, ಮಾತು ತಪ್ಪೋದು. ಇದ್ರಲ್ಲಿ ಒಂದು ಕಂಡ್ರೂ ಬೆಳಗಾಗ್ಲಿ ನೋಡೋಣ ಅನ್ಬೇಡಿ, ಗಾಡಿ ಸ್ಟಾರ್ಟ್ ಮಾಡ್ಸಿ. ಆಕ್ಸಿಜನ್ ಸಿಲಿಂಡರ್ ಇದ್ರೆ ಹಾಕಿ, ಆದ್ರೆ ಅದು ಇಳಿಯೋ ದಾರಿಗೆ ಸಹಾಯ, ಇಳಿಯೋದಕ್ಕೆ ಬದಲಿ ಅಲ್ಲ. ಈ ವಿಷಯದಲ್ಲಿ ಮೊರಿರಿ ಪ್ಯಾಂಗಾಂಗ್‌ಗಿಂತ ವಾಸಿ ಅನ್ಬೇಕು, ನಮ್‌ಶಾಂಗ್ ಲಾ ಸ್ವಲ್ಪ ಏರು ಬಿಟ್ರೆ ಆಮೇಲೆ ಲೇಹ್ ತನಕ ಸಿಂಧೂ ಕಣಿವೆ ಇಳಿಜಾರೇ, ಐದು ಸಾವಿರದ ಪಾಸು ದಾಟೋ ಗೋಳಿಲ್ಲ. ಆದ್ರೆ ದೂರ, ಇನ್ನೂರು ಕಿಲೋಮೀಟರ್ ಮೇಲೆ.

ಹಾಗಾಗಿ ಎರಡೂ ನೋಡೋ ಆಸೆ ಇದ್ರೆ ಪ್ಯಾಂಗಾಂಗ್ ಮೊದ್ಲು, ಮೊರಿರಿ ಆಮೇಲೆ. ಪ್ಯಾಂಗಾಂಗ್‌ನಲ್ಲಿ ಒಂದು ರಾತ್ರಿ ಕಳೆದಿದ್ರೆ ಮೊರಿರಿಗೆ ಇನ್ನು 270 ಮೀಟರ್ ಅಷ್ಟೇ ಏರಿಕೆ, ಮೈ ತಡ್ಕೊಳುತ್ತೆ. ಮೆರಾಕ್‌ನಿಂದ ಚುಶೂಲ್, ತ್ಸಾಗಾ, ನ್ಯೋಮಾ, ಮಾಹೆ ಅಂತ ನೇರ ರಸ್ತೆ ಇದೆ, ಗಡಿ ರಸ್ತೆ. ಚುಶೂಲ್ ಹತ್ರ ರೆಜಾಂಗ್ ಲಾ ಸ್ಮಾರಕ ಸಿಗುತ್ತೆ, 1962ರ ನವೆಂಬರ್ 18ರಂದು ಮೇಜರ್ ಶೈತಾನ್ ಸಿಂಗ್ ಮತ್ತೆ 13 ಕುಮಾವ್ ಪಡೆಯ ಸೈನಿಕರು ಹೋರಾಡಿದ್ದರ ನೆನಪಿಗೆ ಕಟ್ಟಿದ್ದು, ಅಲ್ಲಿ ಇಳಿದು ನಿಂತು ಹೋಗಿ. ಇದು ಗಡಿ ಆಗಿರೋದ್ರಿಂದ ಡ್ರೋನ್ ಹಾರಿಸೋ ಯೋಚನೆ ಬಿಟ್ಬಿಡಿ, ಪರ್ಮಿಟ್ ನಿಯಮ ಆಗಾಗ ಬದಲಾಗ್ತಾನೇ ಇರುತ್ತೆ, ಈ ದಾರಿ ಹೆಸರು ಹೇಳಿನೇ ಲೇಹ್‌ನಲ್ಲಿ ವಿಚಾರಿಸಿ. ಇನ್ನೊಂದು, ಹೊರ ರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡಲ್ಲ, ಗುಂಪಲ್ಲಿ ಒಬ್ರಾದ್ರೂ ಪೋಸ್ಟ್‌ಪೇಯ್ಡ್ ಇಟ್ಕೊಂಡಿರಿ, ಅದೂ ಲೇಕ್ ಹತ್ರ ಸಿಕ್ಕಿದ್ರೆ ಸಿಕ್ತು.

ತ್ಸೋ ಕಾರ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಚಿಕ್ಕದು, ದಡ ಪೂರ್ತಿ ಉಪ್ಪಿನ ಬಿಳಿ ಪದರ, ಹಿಂದೆ ಚಾಂಗ್ಪಾ ಜನ ಇಲ್ಲಿಂದ ಉಪ್ಪು ತೆಗೀತಾ ಇದ್ರು. ಪಕ್ಕದಲ್ಲೇ ಸ್ಟಾರ್ಟ್ಸಪುಕ್ ತ್ಸೋ ಅಂತ ಸಿಹಿನೀರಿನ ಕೆರೆ, ಎರಡೂ ಸೇರಿ 2020ರಲ್ಲಿ ರಾಮ್ಸಾರ್ ಪಟ್ಟಿಗೆ ಬಂತು. ಹಕ್ಕಿ ನೋಡೋರಿಗೆ, ಕಿಯಾಂಗ್ ಅನ್ನೋ ಕಾಡುಕತ್ತೆ ಹಿಂಡು ನೋಡ್ಬೇಕು ಅನ್ನೋರಿಗೆ ನಾಲ್ಕರಲ್ಲಿ ಇದೇ ಬೆಸ್ಟು. ಬೇರೆಯವ್ರಿಗೆ ಅಲ್ಲಿ ರಾತ್ರಿ ಅಂದ್ರೆ ಬರೀ ಗಾಳಿ. ತೆರೆದ ಬಟ್ಟಲಿನಂಥ ಬಯಲು, ತಡೆಯೋಕೆ ಒಂದು ಗಿಡ ಇಲ್ಲ, ಮಧ್ಯಾಹ್ನ ಶುರುವಾದ್ರೆ ಉಪ್ಪಿನ ಧೂಳು ಕಣ್ಣಿಗೆ ಬೀಳುತ್ತೆ. ಎತ್ತರ ಮೊರಿರಿಯಷ್ಟೇ, ಲೇಹ್‌ಗೆ ಬರೋಕೆ 5,328 ಮೀಟರ್‌ನ ತಗ್‌ಲಾಂಗ್ ಲಾ ಹತ್ಬೇಕು. ಥುಕ್ಜೆ ಊರಿನ ಹತ್ರ ಉಳಿಯೋಕೆ ಜಾಗ ಇದೆ, ಆದ್ರೆ ನನ್ನ ಕೇಳಿದ್ರೆ ಇದನ್ನ ಹಗಲಲ್ಲೇ ನೋಡಿ ಮುಂದೆ ಹೋಗಿ.

ಚಂದ್ರತಾಲ್ ಬೇರೆನೇ ಜಾತಿ. ಲಡಾಖ್ ಅಲ್ಲ, ಹಿಮಾಚಲದ ಸ್ಪಿತಿ ಕಡೆ, ನೀರು ಸಿಹಿ, ಸುತ್ತ ಸ್ವಲ್ಪ ಹುಲ್ಲಿದೆ, ಗಾತ್ರ ಪ್ಯಾಂಗಾಂಗ್ ಮುಂದೆ ಏನೂ ಇಲ್ಲ, ಅರ್ಧ ದಿನದಲ್ಲಿ ಆರಾಮಾಗಿ ಸುತ್ತು ಹಾಕ್ಬಹುದು. ಇದೂ ರಾಮ್ಸಾರ್, 2005ರಿಂದ. ದಡದಲ್ಲಿ ಕ್ಯಾಂಪಿಂಗ್ ನಿಷೇಧ, ಕ್ಯಾಂಪ್‌ಗಳೆಲ್ಲ ಎರಡು ಮೂರು ಕಿಲೋಮೀಟರ್ ಹಿಂದೆನೇ ಇದಾವೆ, ಗಾಡಿನೂ ಲೇಕ್ ತನಕ ಹೋಗಲ್ಲ, ಕೊನೆಗೆ ನಡೀಬೇಕು. ಇದೇ ಒಳ್ಳೇದಾಯ್ತು ಅನ್ಸುತ್ತೆ, ಸಂಜೆ ಆದ್ಮೇಲೆ ದಡದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿನೂ ಕಾಣಲ್ಲ.

ಇಲ್ಲಿ ಜನ ಸಿಕ್ಕಿಹಾಕ್ಕೊಳೋದು ಮನಾಲಿ ದಾರಿಲಿ. ಮ್ಯಾಪ್‌ನಲ್ಲಿ ಹತ್ರ ಕಾಣುತ್ತೆ, ಅಟಲ್ ಟನಲ್ ಬೇರೆ ಆಗಿದೆ, ಬೆಳಗ್ಗೆ ಬಿಟ್ರೆ ಸಂಜೆಗೆ ಟೆಂಟಲ್ಲಿ. ಆದ್ರೆ ಮನಾಲಿ 2,050 ಮೀಟರ್, ಚಂದ್ರತಾಲ್ 4,300, ಒಂದೇ ದಿನದಲ್ಲಿ 2,250 ಮೀಟರ್ ಮೇಲೆ ಹೋಗಿ ಅಲ್ಲೇ ಮಲಗೋದು ಲೇಹ್‌ನಿಂದ ಮೊರಿರಿಗೆ ಹೋಗೋದಕ್ಕಿಂತ ಡಬಲ್ ತಪ್ಪು. ಶಿಮ್ಲಾ, ಕಿನ್ನೌರ್, ಕಾಜಾ ಅಂತ ನಿಧಾನಕ್ಕೆ ಏರ್ಕೊಂಡು ಬಂದು, ಕುಂಜುಮ್ ಪಾಸ್ ದಾಟಿ, ಕೊನೆಗೆ ಚಂದ್ರತಾಲ್‌ನಲ್ಲಿ ಉಳಿದು ಮನಾಲಿಗೆ ಇಳೀರಿ, ಅದೇ ಟ್ರಿಪ್‌ನ ಉಲ್ಟಾ ಮಾಡೋದು ಅಷ್ಟೇ, ಮೈಗೆ ಎಷ್ಟೋ ಆರಾಮ. ರಸ್ತೆ ಜೂನ್‌ನಿಂದ ಅಕ್ಟೋಬರ್ ತನಕ ಅಂತ ಹೇಳ್ತಾರೆ ಆದ್ರೆ ಅದನ್ನ ನಂಬ್ಕೊಂಡು ರಿಟರ್ನ್ ಫ್ಲೈಟ್ ಟೈಟಾಗಿ ಬುಕ್ ಮಾಡ್ಬೇಡಿ, 2023ರ ಜುಲೈನಲ್ಲಿ, ಹೌದು ಜುಲೈನಲ್ಲೇ, ಹಿಮ ಬಿದ್ದು 300ರ ಹತ್ರ ಜನ ಅಲ್ಲಿ ದಿನಗಟ್ಟಲೆ ಸಿಕ್ಕಿಹಾಕ್ಕೊಂಡಿದ್ರು. ಬಾತಲ್ ಕಡೆ ಹೊಳೆಗಳು ರಸ್ತೆ ಮೇಲೇ ಹರೀತಾವೆ, ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಜಾಸ್ತಿ ಆಗುತ್ತೆ, ದಾಟೋದಿದ್ರೆ ಬೆಳಗ್ಗೆನೇ ದಾಟಿ.

ಈಗ ಫಿಕ್ಸೆಡ್ ಕ್ಯಾಂಪಾ, ಹೋಮ್‌ಸ್ಟೇನಾ, ಸ್ವಂತ ಟೆಂಟಾ. ಮೊದಲ ಸಲ ಹೋಗೋರು, ಅದ್ರಲ್ಲೂ ಫ್ಯಾಮಿಲಿ ಜೊತೆ, ಹೋಮ್‌ಸ್ಟೇ ಆರಿಸಿ ಅಂತೀನಿ. ಲಡಾಖಿ ಮನೆಯ ಮಣ್ಣಿನ ದಪ್ಪ ಗೋಡೆ ಹಗಲಿನ ಬಿಸಿ ಹಿಡ್ಕೊಂಡಿರುತ್ತೆ, ಟೆಂಟಿನ ಬಟ್ಟೆ ಹಿಡ್ಕೊಳಲ್ಲ, ಅಷ್ಟೇ ವಿಜ್ಞಾನ. ಒಣ ಶೌಚಾಲಯಕ್ಕೆ ಮುಖ ಸಿಂಡರಿಸ್ಬೇಡಿ, ನೀರೇ ಇಲ್ಲದ ಊರಲ್ಲಿ ಅದಕ್ಕಿಂತ ಬುದ್ಧಿವಂತಿಕೆ ಇನ್ನೊಂದಿಲ್ಲ, ಫ್ಲಶ್ ಇರೋ ಕಾಟೇಜ್‌ನ ಕೊಳಕು ನೀರು ಎಲ್ಲಿಗೆ ಹೋಗುತ್ತೆ ಅಂತ ಒಂದ್ಸಲ ಕೇಳಿ ನೋಡಿ.

ಸ್ವಂತ ಟೆಂಟ್ ಅಂದ್ರೆ ಸುಮ್ನೆ ಎಲ್ಲಿ ಬೇಕಾದ್ರೂ ಅಲ್ಲ. ಊರಿನವರ ಜಾಗದಲ್ಲಿ ಕೇಳಿ ಹಾಕಿ, ಹೋಮ್‌ಸ್ಟೇ ಅಂಗಳದಲ್ಲಿ ಹಾಕಿದ್ರೆ ಇನ್ನೂ ಒಳ್ಳೇದು. ಒಣಗಿದ ತೊರೆ ಜಾಡು ಸಮತಟ್ಟಾಗಿ, ಮರಳಾಗಿ, ಮಲಗೋಕೆ ಕರೆಯೋ ಥರ ಇರುತ್ತೆ, ಅಲ್ಲಿ ಮಾತ್ರ ಹಾಕ್ಬೇಡಿ. ಮಳೆನೇ ಇಲ್ಲ ಅನ್ನೋ ಲೇಹ್‌ನಲ್ಲೇ 2010ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಮೋಡ ಒಡೆದು ಊರಿಗೂರೇ ಕೆಸರಲ್ಲಿ ಹೋಯ್ತು. ಮರಳು ಕಲ್ಲಿನ ನೆಲದಲ್ಲಿ ಮಾಮೂಲಿ ಗೂಟ ನಿಲ್ಲಲ್ಲ, ಹಗ್ಗ ಸುತ್ತಿದ ದೊಡ್ಡ ಕಲ್ಲು ಹೂತು ಕಟ್ಟಿ. ಸ್ಲೀಪಿಂಗ್ ಬ್ಯಾಗ್‌ಗೆ ಎಷ್ಟು ಖರ್ಚು ಮಾಡ್ತೀರೋ ಮ್ಯಾಟ್‌ಗೂ ಅಷ್ಟೇ ಯೋಚ್ನೆ ಮಾಡಿ, ಚಳಿ ಕೆಳಗಿಂದ ಬರೋದು. ಸ್ಟವ್‌ಗೆ ಬರೀ ಬ್ಯುಟೇನ್ ಇರೋ ಕ್ಯಾನ್ ತಂದ್ರೆ ಸೊನ್ನೆ ಡಿಗ್ರಿ ಹತ್ರ ಅದು ಉರಿಯೋಕೆ ಒದ್ದಾಡುತ್ತೆ, ಪ್ರೊಪೇನ್ ಬೆರೆಸಿರೋದು ನೋಡಿ ತಗೊಳ್ಳಿ, ವಿಮಾನದಲ್ಲಿ ಯಾವ್ ಗ್ಯಾಸ್ ಕ್ಯಾನೂ ಬಿಡಲ್ಲ, ಲೇಹ್‌ನಲ್ಲೇ ಹುಡುಕ್ಬೇಕು. ಆ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದ್ದುಬಿಡುತ್ತೆ, ಅನ್ನ ಮಾಡ್ತೀನಿ ಅನ್ನೋರು ಕುಕ್ಕರ್ ಹೊತ್ಕೊಂಡು ಬನ್ನಿ ಇಲ್ಲಾಂದ್ರೆ ಮ್ಯಾಗಿಗೆ ಶರಣಾಗಿ. ಮತ್ತೆ ಇದನ್ನ ಎಷ್ಟು ಸಲ ಹೇಳಿದ್ರೂ ಕಮ್ಮಿನೇ, ಮುಚ್ಚಿದ ಟೆಂಟ್ ಒಳಗೆ ಸ್ಟವ್, ಕೆಂಡದ ಅಂಗೀಠಿ ಏನೂ ಬೇಡ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಲೇ ಮುಗಿಸುತ್ತೆ.

ಉಳಿದ ಊಟನ ಕ್ಯಾಂಪ್ ಹೊರಗೆ ಚೆಲ್ಲಬೇಡಿ. ಪಾಪ ನಾಯಿಗೆ ಅಂತ ಹಾಕೋದು ಬೇಡವೇ ಬೇಡ, ಈ ಕಡೆ ಬೀದಿನಾಯಿ ಹಿಂಡುಗಳು ಟೂರಿಸ್ಟ್ ಊಟದ ಮೇಲೇ ಬೆಳೆದು ಕಪ್ಪುಕತ್ತಿನ ಕೊಕ್ಕರೆಯ ಮೊಟ್ಟೆ, ಮರಿ ತಿಂದುಹಾಕ್ತಾವೆ. ಲೇಕ್ ನೀರಿಗೆ ಗಾಡಿ ಇಳಿಸೋರ ಬಗ್ಗೆ ಮಾತಾಡೋದೇ ವೇಸ್ಟು, 2022ರಲ್ಲಿ ಪ್ಯಾಂಗಾಂಗ್‌ನಲ್ಲಿ ಒಂದು ಎಸ್‌ಯುವಿ ಓಡಿಸಿದ ವಿಡಿಯೋ ಬಂದಾಗ ದೇಶ ಪೂರ್ತಿ ಉಗಿಸ್ಕೊಂಡ್ರು, ಆದ್ರೂ ಆಸೆ ಪಡೋರು ಇದಾರೆ.

ಬೈಕಲ್ಲಿ ಮನಾಲಿಯಿಂದ ಲೇಹ್‌ಗೆ ಹೋಗೋರು ತ್ಸೋ ಕಾರ್‌ನ ಹೋಗ್ತಾ ಮುಗಿಸ್ಬಿಡೋಣ ಅನ್ಕೋತಾರೆ, ದಾರಿ ಪಕ್ಕನೇ ಇದೆ ಅಲ್ವಾ ಅಂತ. ಆಗ ನಿಮ್ಮ ಮೈ ಇನ್ನೂ ಎತ್ತರಕ್ಕೆ ಒಗ್ಗಿರಲ್ಲ, ಹಿಂದಿನ ರಾತ್ರಿ ದಾರಿಲಿರೋ ಸರ್ಚು ಕ್ಯಾಂಪಲ್ಲಿ ನಿದ್ದೆನೂ ಆಗಿರಲ್ಲ. ವಾಪಸ್ ಬರ್ತಾ ಇಟ್ಕೊಳ್ಳಿ. ಮೊರಿರಿಯಿಂದ ಪುಗಾದ ಗಂಧಕದ ಬುಗ್ಗೆ ನೋಡಿ, ಪೊಲೊಕೊಂಗ್ಕಾ ಲಾ ದಾಟಿ, ಬೆಳಗ್ಗೆ ಹತ್ತರೊಳಗೆ ಗಾಳಿ ಏಳೋ ಮುಂಚೆ ತ್ಸೋ ಕಾರ್ ಸೇರಿದ್ರೆ ಹಕ್ಕಿಗಳೂ ಸಿಗ್ತಾವೆ, ಮೋರೆ ಬಯಲು ಹಿಡಿದು ಕತ್ತಲಾಗೋದ್ರೊಳಗೆ ಮನಾಲಿ ದಾರಿಯ ಜಿಸ್ಪಾಗೂ ಇಳೀಬಹುದು.